ಇಳಿಜಾರು ತೋಟದಲ್ಲಿ ಎದ್ದು ಕಾಣದ ರಜಾ ಮನೆ: ಹುಲ್ಲಿನ ಚಾವಣಿ, ಮಣ್ಣಿನ ಇಟ್ಟಿಗೆ ಮಲೆನಾಡಿಗೆ ಆಗುತ್ತಾ?

ತೋಟದಂಚು:
ಮೂಡಿಗೆರೆ ಕಡೆ ಕಾಫಿ ತೋಟದ ಅಂಚು. 4 ಅಡಿಗೆ 1 ಅಡಿ ಇಳಿಜಾರು. ಮನೆ 36x30 ಅಡಿ, ಅದರಲ್ಲಿ 30 ಅಡಿ ಇಳಿಜಾರಿನ ದಿಕ್ಕಿಗೆ. ಎದುರು ಗುಡ್ಡದಿಂದ ನೋಡಿದರೂ ಮನೆ ಕಾಣಬಾರದು ಅನ್ನೋದು ಆಸೆ. ಹುಲ್ಲಿನ ಚಾವಣಿ, ಮಣ್ಣಿನ ಇಟ್ಟಿಗೆ, ಪಶ್ಚಿಮಕ್ಕೆ ಪೂರ್ತಿ ಗಾಜು ಅಂದುಕೊಂಡಿದ್ದೇವೆ. ಜೆಸಿಬಿ ತಂದು ಜಾಗ ಸಮ ಮಾಡಿ ಅಂತಾರೆ ಎಂಜಿನಿಯರ್. ಮಳೆಗಾಲದಲ್ಲಿ ಮನೆಗೆ ಹೆಚ್ಚಾಗಿ ಬೀಗವೇ. ತಿಳಿದವರು ಹೇಳಿ.

ಧರೆ_ಚರಂಡಿ:
ಮೊದಲು ಜೆಸಿಬಿ ನಿಲ್ಲಿಸಿ. 30 ಅಡಿಗೆ ಏಳೂವರೆ ಅಡಿ ಇಳಿತ. ಅರ್ಧ ಕಡಿದು ಅರ್ಧ ತುಂಬಿದರೆ, ತುಂಬಿದ ಮಣ್ಣು ಒಂದೆರಡು ಮಳೆಗಾಲ ಕೂರುತ್ತಲೇ ಇರುತ್ತೆ; ಗಟ್ಟಿ ನೆಲ ಮುಗಿದು ತುಂಬಿದ ನೆಲ ಶುರುವಾಗುವ ಗೆರೆಯಲ್ಲೇ ಗೋಡೆ ಬಿರಿಯುತ್ತೆ. ಹಿಂದಿನ ಧರೆಗೆ (ಕಡಿದು ನಿಂತ ಮಣ್ಣಿನ ದಿಬ್ಬಕ್ಕೆ) ಬುಡವೇ ಇಲ್ಲದ ಹಾಗಾಗುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕುಸಿದದ್ದರಲ್ಲಿ ಹೀಗೆ ಕಡಿದ ಇಳಿಜಾರುಗಳೂ ಇದ್ದವು.

ನೆಲವನ್ನೇ ಮೂರು ಹಂತ ಮಾಡಿ. ಒಂದೊಂದು ಹಂತ 10 ಅಡಿ ಅಗಲ, ನಡುವೆ ಎರಡೂವರೆ ಅಡಿ, ಅಂದರೆ 6 ಇಂಚಿನ ಐದು ಮೆಟ್ಟಿಲು. ಪಾಯ ಎಲ್ಲೇ ಇರಲಿ, ತುಂಬಿದ ಮಣ್ಣು ದಾಟಿ ಮೂಲ ನೆಲಕ್ಕೆ ಇಳಿಯಲೇಬೇಕು. ಮನೆಯ ಮೇಲ್ಬದಿಗೆ 5–6 ಅಡಿ ಬಿಟ್ಟು ಒಂದೂವರೆ ಅಡಿ ಅಗಲದ ಚರಂಡಿ, ಕಲ್ಲು ಹಾಸಿ, 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು ಎರಡೂ ಕಡೆಯಿಂದ ಹಳ್ಳಕ್ಕೆ ಬಿಡಿ. ತಡೆಗೋಡೆ ಕಟ್ಟುವುದಾದರೆ ಹಿಂದೆ 1 ಅಡಿ ಜಲ್ಲಿ, ನೀರು ಹೊರಹೋಗಲು ಗೋಡೆಯಲ್ಲಿ 5 ಅಡಿಗೊಂದು 3 ಇಂಚಿನ ಪೈಪು. ಈ ಗೋಡೆಗಳನ್ನು ಹೆಚ್ಚಾಗಿ ಬೀಳಿಸೋದು ಹಿಂದೆ ನಿಂತ ನೀರು.

ಹೆಂಚಿನ_ಮಾಡು:
ಹುಲ್ಲಿನ ಚಾವಣಿ ಬೇಡ ಅನ್ನುತ್ತೇನೆ. 4 ಇಂಚು ಒದ್ದೆ ಮಣ್ಣೊಂದೇ ಚದರ ಮೀಟರಿಗೆ 180–200 ಕೆಜಿ. ಅದಕ್ಕೆ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ತಾರಸಿ ಬೇಕು, ಸೋರಿದರೆ ಜಾಗ ಹುಡುಕಲು ಮಣ್ಣೆಲ್ಲ ಎತ್ತಬೇಕು. ನೀರು ಹಾಕದಿದ್ದರೆ ಮಾರ್ಚ್‌ನಲ್ಲಿ ಹುಲ್ಲು ಒಣಗಿ, ಹಸಿರು ತೋಟದ ನಡುವೆ ಅದೇ ಎದ್ದು ಕಾಣುತ್ತೆ! ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15, ತೂಕ 40 ಕೆಜಿ ಆಸುಪಾಸು. ಹಳೇ ಮನೆ ಕೆಡವಿದ ಹೆಂಚು ಸಿಕ್ಕರೆ ಇನ್ನೂ ಒಳ್ಳೇದು, ಆಗಲೇ ಕಪ್ಪಾಗಿರುತ್ತೆ. ಮಾಡಿನ ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ. ಹೆಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ನಾಲ್ಕು ಸಾಲು ಜೋಡಿಸಿ ನೋಡಿಯೇ ರೀಪು (ಹೆಂಚು ಕೂರುವ ಮರದ ಪಟ್ಟಿ) ಹೊಡೆಸಿ. ಎರಡು ಮಾಡು ಇಳಿದು ಸೇರುವ ಒಳಮೂಲೆ ಇಡಬೇಡಿ, ಎಲೆ ಕಟ್ಟಿ ಸೋರುತ್ತೆ. ಸೂರು ಮೂರೂವರೆ ಅಡಿ ಹೊರಗೆ ಚಾಚಲಿ. ಮಂಗಗಳು ಒಡೆದರೆ ಬದಲಿಸಲು ಐವತ್ತು ಹೆಂಚು ಹೆಚ್ಚಿಗೆ ಇಟ್ಟಿರಿ.

ಮಣ್ಣಿನ ಇಟ್ಟಿಗೆಗೆ ಮೇಲಿನ ಒಂದೂವರೆ ಅಡಿ ಕಪ್ಪು ಮಣ್ಣು ಆಗದು. ಅದರ ಕೆಳಗಿನದನ್ನು ಕಲಸಿ 60x4x4 ಸೆಂ.ಮೀ. ಪೆಟ್ಟಿಗೆಗೆ ತುಂಬಿ, ನೆರಳಿನಲ್ಲಿ ವಾರ ಒಣಗಿಸಿ. ಉದ್ದ 15 ಮಿ.ಮೀ. ಒಳಗೆ ಕುಗ್ಗಿದರೆ 18 ಪಾಲು ಮಣ್ಣಿಗೆ 1 ಪಾಲು ಸಿಮೆಂಟ್. 45 ದಾಟಿದರೆ 12ಕ್ಕೆ 1, ಇಲ್ಲವೇ ಮರಳು ಬೆರೆಸಿ ಮತ್ತೆ ನೋಡಿ. ಯಂತ್ರದಲ್ಲಿ ಒತ್ತಿದ ಇಟ್ಟಿಗೆಗೆ ಮೂರು ವಾರ ನೀರು ಚಿಮುಕಿಸಿ ಒದ್ದೆಯಾಗಿಡಬೇಕು. ಇಲ್ಲೇ ಎಲ್ಲರೂ ಅವಸರ ಮಾಡೋದು.

ಬೀಗದ_ಮನೆ:
ಪಶ್ಚಿಮದ ಗಾಜಿಗೆ ಬೇಸಿಗೆ ಸಂಜೆ ಬಿಸಿಲು, ಮಳೆಗಾಲದಲ್ಲಿ ನೇರ ಎರಚಲು. ಆಕಾಶದ ಬಿಂಬ ನೋಡಿ ಹಕ್ಕಿಗಳೂ ಬಡಿದು ಸಾಯುತ್ತವೆ. ಹೊರಮೈ ಮೇಲೆ 5 ಸೆಂ.ಮೀ. ಗೊಂದರಂತೆ ಚುಕ್ಕಿ ಅಂಟಿಸಬೇಕು, ಒಳಗೆ ಅಂಟಿಸಿದರೆ ಬಿಂಬ ಮುಚ್ಚಲ್ಲ. ಪೂರ್ತಿ ಗೋಡೆ ಬದಲು ಸೂರಿನಡಿ 5 ಅಡಿ ಅಗಲದ ಎರಡು ಕಿಟಕಿ ಸಾಕು.

ಬೀಗ ಹಾಕಿದ ಮನೆಗೆ ಬೂಷ್ಟೇ ಶತ್ರು. ಮಾಡಿನ ಎರಡು ತುದಿಯ ತ್ರಿಕೋನ ಗೋಡೆಗಳಲ್ಲೂ ಜಾಲಂಧ್ರ (ಗಾಳಿಕಿಂಡಿ), ಅದಕ್ಕೆ ಉಕ್ಕಿನ ಬಲೆ. ಬೀರು ಗೋಡೆಯಿಂದ 4 ಇಂಚು ದೂರ, ಹಾಸಿಗೆ ತಗಡಿನ ಪೆಟ್ಟಿಗೆಯೊಳಗೆ. ಮನೆಯ ಹೊರಗಿನ ಮರಗೆಲಸಕ್ಕೆ ಹಸಿರು ಬಣ್ಣ ಮಾತ್ರ ಬೇಡ, ತೋಟದ ಹಸಿರಿಗೆ ಅದು ಯಾವತ್ತೂ ಹೊಂದಲ್ಲ. ಮರದ ಕಾಂಡದ ಬೂದುಗಂದು ನೆರಳಲ್ಲಿ ಕರಗುತ್ತೆ.

ತೋಟದಂಚು:
ನೆಲ ಮೂರು ಹಂತವಾದರೆ ಮಾಡು ಒಂದೇ ಇಡಬಹುದಾ?

ಹೆಂಚಿನ_ಮಾಡು:
ಆಗುತ್ತೆ, ಆದರೆ ನೆತ್ತಿ (ಮಾಡಿನ ಎರಡು ಇಳಿಜಾರು ಮೇಲೆ ಸೇರುವ ಗೆರೆ) ನಡುಮಧ್ಯ ಬರಲ್ಲ. ಮೇಲಿನ, ಕೆಳಗಿನ ಗೋಡೆ ಎರಡೂ ತಮ್ಮ ನೆಲದಿಂದ 9 ಅಡಿ, ಇಳಿಜಾರು 30 ಡಿಗ್ರಿ ಅಂದರೆ ನೆತ್ತಿ ಕೆಳಗೋಡೆಯಿಂದ 19 ಅಡಿಗೆ, ಮೇಲ್ಗೋಡೆಯಿಂದ 11 ಅಡಿಗೆ; ಕೆಳಹಂತದ ನೆಲದಿಂದ ಎತ್ತರ ಸುಮಾರು 20 ಅಡಿ. ಮೂರೂವರೆ ಅಡಿ ಚಾಚಿದಾಗ ಸೂರಿನ ತುದಿ 2 ಅಡಿ ಇಳಿದು ನೆಲದಿಂದ 7 ಅಡಿಗೆ ನಿಲ್ಲುತ್ತೆ. ಗೋಡೆ 9ಕ್ಕಿಂತ ಇಳಿಸಿದರೆ ತಲೆ ತಾಗುತ್ತೆ, ನೋಟವೂ ಮುಚ್ಚುತ್ತೆ.