ಬೈಪಾಸ್ ನಂತರ ಏರಿದ ಸಕ್ಕರೆ: ಮಧುಮೇಹ ಇಲ್ಲದವರಿಗೂ ಗಂಟೆಗೊಮ್ಮೆ ಪರೀಕ್ಷೆ ಏಕೆ?

ಪ್ರಶ್ನೆ

ನಮ್ಮ ತಂದೆಯವರಿಗೆ 64 ವರ್ಷ. ಕಳೆದ ವಾರ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಈವರೆಗೆ ಯಾರೂ ಹೇಳಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 5.9 ಬಂದಿತ್ತು. ಆದರೂ ಮೊದಲ ರಾತ್ರಿಯೇ ಸಕ್ಕರೆ 230 ದಾಟಿತೆಂದು ಐಸಿಯುವಿನಲ್ಲಿ ಇನ್ಸುಲಿನ್ ಡ್ರಿಪ್ ಹಾಕಿ, ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಿದ್ದರು. 150ರ ಆಸುಪಾಸಿಗೆ ಬಂದ ಮೇಲೆ ‘ಇಷ್ಟು ಸಾಕು’ ಎಂದರು. ನಾರ್ಮಲ್ ಎಂದರೆ 100 ಅಲ್ಲವೇ, ಅಲ್ಲಿಯವರೆಗೆ ಏಕೆ ಇಳಿಸಲಿಲ್ಲ? ಬೆರಳಿನಿಂದ ತೆಗೆದ ರಕ್ತಕ್ಕೂ ಕೈಯ ನಳಿಕೆಯಿಂದ ತೆಗೆದ ರಕ್ತಕ್ಕೂ ಅಂಕಿ ಬೇರೆ ಬೇರೆ ಬರುತ್ತಿದ್ದುದೇಕೆ? ಈಗ ವಾರ್ಡಿನಲ್ಲಿದ್ದಾರೆ, ಇನ್ಸುಲಿನ್ ನಿಲ್ಲಿಸಿದ್ದಾರೆ, ಸದ್ಯದಲ್ಲೇ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ನಾವು ಏನನ್ನು ಗಮನಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ಹೃದಯ ಶಸ್ತ್ರಚಿಕಿತ್ಸೆಯ ಐಸಿಯು ವೈದ್ಯ)

ನಿಮ್ಮ ತಂದೆಯವರಿಗೆ ಆದದ್ದು ಅಪರೂಪವಲ್ಲ. ಎದೆಮೂಳೆಯನ್ನು ಸೀಳಿ ಮಾಡುವ ಇಂಥ ಶಸ್ತ್ರಚಿಕಿತ್ಸೆ ದೇಹಕ್ಕೆ ದೊಡ್ಡ ಪೆಟ್ಟು. ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳು ಏರುತ್ತವೆ, ಯಕೃತ್ತು ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ, ಅದೇ ಹೊತ್ತಿನಲ್ಲಿ ಇನ್ಸುಲಿನ್ನಿಗೆ ಸ್ನಾಯುಗಳು ಸರಿಯಾಗಿ ಸ್ಪಂದಿಸುವುದಿಲ್ಲ. ಜೊತೆಗೆ 5.9 ಎಂಬುದು ಮಧುಮೇಹವಲ್ಲದಿದ್ದರೂ ಅದರ ಹೊಸ್ತಿಲು, 5.7ರಿಂದ 6.4ರವರೆಗಿನದನ್ನು ಮಧುಮೇಹಪೂರ್ವ ಸ್ಥಿತಿ ಎನ್ನುತ್ತೇವೆ. ಸಕ್ಕರೆ ಹೆಚ್ಚಿದ್ದಾಗ ಬಿಳಿರಕ್ತಕಣಗಳು ಸೋಂಕಿನೊಂದಿಗೆ ಸರಿಯಾಗಿ ಹೋರಾಡಲಾರವು. ಎದೆಮೂಳೆಯ ಆಳದ ಸೋಂಕು ನಾವು ತುಂಬಾ ಹೆದರುವ ತೊಡಕುಗಳಲ್ಲಿ ಒಂದು. ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹಿಗಳಿಗೆ ಆಗಾಗ ಚುಚ್ಚುವ ಬದಲು ನಿರಂತರವಾಗಿ ಇನ್ಸುಲಿನ್ ಹರಿಸಿದಾಗ ಈ ಸೋಂಕು ಶೇ. 2ರಿಂದ ಶೇ. 0.8ಕ್ಕೆ ಇಳಿದಿತ್ತು.

ಹಾಗಾದರೆ 100ಕ್ಕೇ ಇಳಿಸಬಾರದೇಕೆ ಎಂಬ ನಿಮ್ಮ ಪ್ರಶ್ನೆಯನ್ನು ವೈದ್ಯಲೋಕವೂ ಕೇಳಿಕೊಂಡಿತ್ತು. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬರ್ಗೆ ಅವರ ತಂಡ, ಬಹುಪಾಲು ಹೃದಯ ಶಸ್ತ್ರಚಿಕಿತ್ಸೆಯವರೇ ಇದ್ದ ಐಸಿಯುವಿನಲ್ಲಿ, ಸಕ್ಕರೆಯನ್ನು 80–110ರ ನಡುವೆ ಹಿಡಿದಿಟ್ಟು, ಅಲ್ಲಿನ ಸಾವನ್ನು ಶೇ. 8ರಿಂದ ಶೇ. 4.6ಕ್ಕೆ ಇಳಿಸಿದ್ದಾಗಿ ವರದಿ ಮಾಡಿತು. ಜಗತ್ತಿನ ಎಷ್ಟೋ ಐಸಿಯುಗಳು ಅದನ್ನೇ ಅನುಸರಿಸಿದವು. ಆದರೆ 2009ರಲ್ಲಿ ಬಂದ, ಎಲ್ಲ ಬಗೆಯ ಐಸಿಯು ರೋಗಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ‘ನೈಸ್-ಶುಗರ್’ ಅಧ್ಯಯನದಲ್ಲಿ ಫಲಿತಾಂಶ ತಿರುಗಿತು: ಬಿಗಿಯಾಗಿ ಇಳಿಸಿದವರಲ್ಲಿ 90 ದಿನಗಳೊಳಗೆ ಶೇ. 27.5 ಜನ ತೀರಿಕೊಂಡರೆ, 180ರ ಒಳಗಿದ್ದರೆ ಸಾಕೆಂದು ಬಿಟ್ಟವರಲ್ಲಿ ಶೇ. 24.9. ಸಕ್ಕರೆ 40ಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿದದ್ದು ಮೊದಲ ಗುಂಪಿನಲ್ಲಿ ಶೇ. 6.8, ಎರಡನೆಯದರಲ್ಲಿ ಕೇವಲ ಶೇ. 0.5. ಈಗ 140–180ರ ನಡುವೆ ಇಡುವುದು ಸಾಮಾನ್ಯ ಪದ್ಧತಿಯಾಗಿರುವುದಕ್ಕೆ ಇದೇ ಹಿನ್ನೆಲೆ. ನನ್ನ ದೃಷ್ಟಿಯಲ್ಲಿ, ಗಂಟೆಗೊಮ್ಮೆ ಮಾಡುವ ಪರೀಕ್ಷೆ ಏರಿಕೆಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಕುಸಿತವನ್ನು ಮೊದಲೇ ಹಿಡಿಯುವುದಕ್ಕಾಗಿ. ನಿದ್ದೆಯ ಔಷಧಿಯಲ್ಲಿ, ವೆಂಟಿಲೇಟರ್ ಮೇಲೆ ಇರುವವರು ‘ತಲೆ ತಿರುಗುತ್ತಿದೆ’ ಎಂದು ಹೇಳಲಾರರು. ಚಾರ್ಟಿನಲ್ಲಿ ಆರು ಗಂಟೆಗೆ 212, ಏಳಕ್ಕೆ 188, ಎಂಟಕ್ಕೆ 151 ಎಂದಿದ್ದರೆ, 151 ಒಳ್ಳೆಯ ಅಂಕಿಯೇ ಆದರೂ ನಮ್ಮ ಶುಶ್ರೂಷಕಿಯರು ಡ್ರಿಪ್ಪಿನ ವೇಗ ಕಡಿಮೆ ಮಾಡುತ್ತಾರೆ, ಏಕೆಂದರೆ ಇಳಿಯುವ ವೇಗ ಹೆಚ್ಚಾಗಿದೆ. ಜೊತೆಗೆ ಪೊಟ್ಯಾಸಿಯಂ ಕೂಡ ನೋಡುತ್ತಿರುತ್ತೇವೆ. ಇನ್ಸುಲಿನ್ ಅದನ್ನು ಜೀವಕೋಶಗಳೊಳಗೆ ತಳ್ಳುವುದರಿಂದ ರಕ್ತದಲ್ಲಿ ಅದು ಇಳಿದು ಹೃದಯದ ಲಯ ತಪ್ಪಬಹುದು.

ಇನ್ನು ಎರಡು ಅಂಕಿಗಳ ವಿಷಯ. ಶಸ್ತ್ರಚಿಕಿತ್ಸೆಯ ನಂತರ ಕೆಂಪು ರಕ್ತಕಣಗಳ ಪ್ರಮಾಣ ಕಡಿಮೆ ಇರುತ್ತದೆ. ಆಗ ಎಷ್ಟೋ ಗ್ಲೂಕೋಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಕೈಕಾಲು ತಣ್ಣಗಿದ್ದು ರಕ್ತಸಂಚಾರ ಕ್ಷೀಣಿಸಿದ್ದರೆ ಬೆರಳಿನ ಹನಿಯನ್ನು ನಂಬುವಂತೆಯೇ ಇಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ಕೈಯ ನಳಿಕೆಯಿಂದ ತೆಗೆದ ಅಪಧಮನಿಯ ರಕ್ತವನ್ನು ಐಸಿಯುವಿನ ಬ್ಲಡ್ ಗ್ಯಾಸ್ (ರಕ್ತ ವಿಶ್ಲೇಷಣೆಯ) ಯಂತ್ರದಲ್ಲಿ ನೋಡುವುದೇ ಸರಿ.

ಉತ್ತರ 2 (ಮಧುಮೇಹ ಶಿಕ್ಷಣದ ಶುಶ್ರೂಷಕಿ)

ಮನೆಯ ವಿಷಯಕ್ಕೆ ನಾನು ಸೇರಿಸುತ್ತೇನೆ. ಎಷ್ಟು ಸಲ ನೋಡಬೇಕೆಂಬುದನ್ನು ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಇಲ್ಲದೆ ಮನೆಗೆ ಬರುವವರಿಗೆ ಸಾಮಾನ್ಯವಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಯಾವುದಾದರೊಂದು ಊಟವಾದ ಎರಡು ಗಂಟೆಗೆ ನೋಡಿದರೆ ಸಾಕಾಗುತ್ತದೆ. ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿದ ಮೇಲೆಯೇ ಚುಚ್ಚಬೇಕು. ಬಾಳೆಹಣ್ಣನ್ನೋ ಕಿತ್ತಳೆಯನ್ನೋ ಸುಲಿದ ಬೆರಳಿನಲ್ಲಿ ಉಳಿದ ಸಕ್ಕರೆಯೇ ಅಂಕಿಯನ್ನು ಏರಿಸಿಬಿಡುತ್ತದೆ. ಬೆರಳಿನ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವೂ ಕಡಿಮೆ.

ನೋಡಲು ಬರುವವರು ಪ್ರೀತಿಯಿಂದ ಹಣ್ಣಿನ ರಸವನ್ನೂ ಗ್ಲೂಕೋಸ್ ಪುಡಿಯನ್ನೂ ತರುತ್ತಾರೆ. ಅವೆರಡನ್ನೂ ನಯವಾಗಿ ದೂರ ಇಡಿ. ಬರೀ ಅಕ್ಕಿಗಂಜಿ ಹಗುರ ಎನಿಸಿದರೂ ಸಕ್ಕರೆಯನ್ನು ಬೇಗ ಏರಿಸುತ್ತದೆ. ಹಸಿವು ಮರಳಿದಂತೆ ಬೇಳೆ, ಮೊಸರು, ಮೊಟ್ಟೆಯಂಥ ಪ್ರೋಟೀನ್ ಇರುವ ಆಹಾರ ಸೇರಿಸಿ, ಗಾಯ ಮಾಗಲು ಅದು ಬೇಕೇ ಬೇಕು. ಎದೆಯ ಗಾಯ ಕೆಂಪಾಗಿ ನೀರು ಒಸರಿದರೆ ಅಥವಾ ಜ್ವರ ಬಂದರೆ ಸಕ್ಕರೆಯ ಅಂಕಿ ಏನೇ ಇರಲಿ, ಅಂದೇ ವೈದ್ಯರಿಗೆ ತೋರಿಸಿ. ಅಂಕಿಗಳು ಸರಿಹೋದರೂ ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮಾಡಿಸುವುದನ್ನು ಮರೆಯಬೇಡಿ. ರಕ್ತ ಹೋಗಿ, ಬೇರೆಯವರ ರಕ್ತ ಸೇರಿದ್ದರೆ ಈಗಿನ ಎಚ್‌ಬಿಎ1ಸಿಗೆ ಅರ್ಥವಿರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತಂದೆಯವರಿಗೆ ಮೆಟೊಪ್ರೊಲಾಲ್ ಬರೆದಿದ್ದಾರೆ. ನಮ್ಮ ತಾಯಿಯವರಿಗೆ ಹಳೆಯ ಮಧುಮೇಹವಿದ್ದು, ಅವರಿಗೂ ಮುಂದಿನ ತಿಂಗಳು ಕವಾಟದ ಶಸ್ತ್ರಚಿಕಿತ್ಸೆ ಇದೆ. ಅವರು ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ. ಈ ಎರಡರಲ್ಲೂ ಎಚ್ಚರ ಬೇಕೇ?

ಉತ್ತರ 1ರ ವೈದ್ಯ

ಎರಡರಲ್ಲೂ ಬೇಕು. ಮೆಟೊಪ್ರೊಲಾಲ್ ಹೃದಯಕ್ಕೆ ಅಗತ್ಯ, ನಿಲ್ಲಿಸಬೇಡಿ. ಆದರೆ ಅದು ಸಕ್ಕರೆ ಕುಸಿದಾಗಿನ ಎದೆಬಡಿತವನ್ನೂ ನಡುಕವನ್ನೂ ಮರೆಮಾಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ತಂದೆಯವರಿಗೆ ಈಗ ಇನ್ಸುಲಿನ್ ಇಲ್ಲದ್ದರಿಂದ ಅಪಾಯ ಕಡಿಮೆ. ಮುಂದೆ ಇನ್ಸುಲಿನ್ನೋ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಶುರುವಾದರೆ, ಕಾರಣವಿಲ್ಲದೆ ಬೆವರಿದ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ.

ತಾಯಿಯವರ ಡಪಾಗ್ಲಿಫ್ಲೋಜಿನ್ ಅನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಆದ್ದರಿಂದ ಈ ವಿಷಯವನ್ನು ಈಗಲೇ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ತಿಳಿಸಿ. ಈ ಗುಂಪಿನ ಮಾತ್ರೆಗಳಿಂದ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿಕೊಳ್ಳಬಹುದು. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರ ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಕಂಡರೆ, ಗ್ಲೂಕೋಮೀಟರ್ 160 ತೋರಿಸುತ್ತಿದ್ದರೂ ಕೀಟೋನ್ ಪರೀಕ್ಷೆ ಮಾಡಲೇಬೇಕೆಂದು ಕೇಳಿ.