ಸಹಾಯ ಬೇಕು: ಈ ಪೆನ್ನಿ ಒಂದನೆಯ ಎಡ್ವರ್ಡನದೋ, ಎರಡನೆಯವನದೋ?

ಸದಸ್ಯರಿಗೆ ನಮಸ್ಕಾರ. ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ ಇಂಗ್ಲೆಂಡಿನ ಬೆಳ್ಳಿ ನಾಣ್ಯಗಳನ್ನು ಬಲ್ಲವರು ಜೊತೆಗಿರುವ ಚಿತ್ರಗಳನ್ನು ನೋಡಿ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಮುಮ್ಮುಖದಲ್ಲಿ ನಮ್ಮತ್ತಲೇ ನೋಡುವ ಕಿರೀಟಧಾರಿ ದೊರೆಯ ತಲೆಯಿದೆ. ಹಿಮ್ಮುಖದಲ್ಲಿ ಅಂಚಿನವರೆಗೂ ಚಾಚಿದ ಉದ್ದನೆಯ ಶಿಲುಬೆ, ಅದರ ನಾಲ್ಕೂ ಭಾಗಗಳಲ್ಲಿ ಮೂರು ಮೂರು ಗುಂಡುಗಳು, ಸುತ್ತಲೂ 'ಸಿವಿಟಾಸ್ ಲಂಡನ್' (ಲಂಡನ್ ನಗರ) ಎಂಬ ಲ್ಯಾಟಿನ್ ಬರಹ ಇವೆ. ಆದ್ದರಿಂದ ಒಂದನೆಯ ಎಡ್ವರ್ಡ್ 1279ರಲ್ಲಿ ಆರಂಭಿಸಿದ ಹೊಸ ಟಂಕಣದ ಮಾದರಿ ಇದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ 1307ರಲ್ಲಿ ಪಟ್ಟಕ್ಕೆ ಬಂದ ಅವನ ಮಗನೂ ಎಡ್ವರ್ಡನೇ ಆಗಿದ್ದು, ಎಷ್ಟನೆಯವನೆಂದು ನಮೂದಿಸದೆ ಅದೇ ಮಾದರಿಯನ್ನು ಮುಂದುವರಿಸಿದ್ದರಿಂದ ತೊಡಕು ಉಂಟಾಗಿದೆ. ಅಚ್ಚಿನ ಸಣ್ಣ ವ್ಯತ್ಯಾಸಗಳನ್ನು ನೋಡಿ ಈ ಪೆನ್ನಿಗಳನ್ನು ಕಾಲಕ್ರಮದಲ್ಲಿ ವರ್ಗಗಳಾಗಿ ವಿಂಗಡಿಸುತ್ತಾರಷ್ಟೆ; ಆರಂಭದ ವರ್ಗಗಳಲ್ಲಿ ದೊರೆಯ ಹೆಸರು ಸಾಮಾನ್ಯವಾಗಿ 'ಇ, ಡಿ, ಡಬ್ಲ್ಯು' ಎಂದು ಮೂರೇ ಅಕ್ಷರಗಳಲ್ಲಿ ಮುಗಿಯುತ್ತದೆ. ಇದರಲ್ಲಿ ನಾಲ್ಕನೆಯದಾಗಿ 'ಎ' ಸ್ಪಷ್ಟವಾಗಿರುವುದರಿಂದ ಹತ್ತನೆಯ ವರ್ಗದ್ದೋ ಅನಂತರದ್ದೋ ಇರಬೇಕು.

ಕಿರೀಟದ ಎಡಗಡೆಯ ಈಟಿಮೊನೆಯಂಥ ಅಲಂಕಾರ ತುಂಡಾದಂತೆ ಕಾಣುತ್ತದೆ. ಇದು ಎರಡನೆಯ ಎಡ್ವರ್ಡನ ಹನ್ನೊಂದನೆಯ ವರ್ಗದ ಗುರುತಾದ ಮುರುಕು ಅಚ್ಚೋ, ಬರೀ ಸವೆತವೋ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ತೂಕ 1.18 ಗ್ರಾಂ, ಆಗಿನ ಪೆನ್ನಿ ಸುಮಾರು 1.4 ಗ್ರಾಂ ಇರುತ್ತಿತ್ತು. ಅಕ್ಷರಗಳ ತಲೆ ಹಾರುವಷ್ಟು ಅಂಚು ಕತ್ತರಿಸಿರುವುದರಿಂದ ಈ ಕೊರತೆ ಸಹಜವೆನಿಸುತ್ತದೆ, ಆದರೂ ಅನುಭವಿಗಳು ದೃಢಪಡಿಸಿದರೆ ಒಳಿತು. ಹುಣಸೆಹಣ್ಣು ಹಾಕಿ ಉಜ್ಜುವ ಸಲಹೆ ಮಾತ್ರ ದಯವಿಟ್ಟು ಬೇಡ. ಕಪ್ಪು ಹಾಗೆಯೇ ಇರಲಿ. ಕಿರೀಟದ ಇನ್ನೂ ಹತ್ತಿರದ ಚಿತ್ರ ಬೇಕಾದವರು ತಿಳಿಸಿದರೆ ಹಾಕುತ್ತೇನೆ.