ಪದಚರ್ಚೆ: ಆಕಾಶದ ‘ಲ್ಯೂಮಿನೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆಯೊಳಗೆ ಬೇಕು)

ನಮಸ್ಕಾರ. ವಾಸ್ತುಶಿಲ್ಪ ಕಾಲೇಜೊಂದರ ತಾರಸಿಯಲ್ಲಿ ಹಗಲ ಬೆಳಕು ಅಳೆಯುವ ಎರಡು ಉಪಕರಣಗಳಿಗೆ ಫಲಕ ಬರೆಸಬೇಕು. ಒಂದು, ಆಕಾಶವನ್ನು 145 ತುಂಡು ಮಾಡಿಕೊಂಡು ಒಂದೊಂದೂ ಎಷ್ಟು ಬೆಳಗುತ್ತಿದೆ (ಲ್ಯೂಮಿನೆನ್ಸ್) ಎಂದು ನೋಡುವ ಸ್ಕ್ಯಾನರ್. ಲೆಕ್ಕ ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ. ಇನ್ನೊಂದು, ಮಟ್ಟಸವಾಗಿ ಕೂತು ಇಡೀ ಆಕಾಶದಿಂದ ತನ್ನ ಮೇಲೆ ಬೀಳುವ ಬೆಳಕನ್ನು (ಇಲ್ಯೂಮಿನೆನ್ಸ್) ಲಕ್ಸ್‌ನಲ್ಲಿ ತೋರಿಸುವುದು. ಕರಡಿನಲ್ಲಿ ಎರಡಕ್ಕೂ ‘ಪ್ರಕಾಶ’ ಎಂದಿದೆ. ಬೇರೆ ಪದ ಕೊಡಿ.

---

‘ಹೊಳಪು’ ಮತ್ತು ‘ಬೆಳಕು’. ಇಷ್ಟಕ್ಕೆ ಚರ್ಚೆ ಬೇಕೇ?

---

ಬೇಕು. ಹೊಳಪು ಬಣ್ಣದಂಗಡಿಯ ಮಾತು, ಮೋಡಕ್ಕೆ ಹೊಳಪಿಲ್ಲ. ‘ತೀವ್ರತೆ’ಯನ್ನೂ ತರಬೇಡಿ, ಅದು ಬರೀ ಕ್ಯಾಂಡೆಲಾ.

ಪದ ಒಂದೇ ಆದರೆ ಏನು ಕೆಡುತ್ತದೆ ನೋಡಿ. ಪೂರ್ತಿ ಮೋಡ ಮುಚ್ಚಿದ ಪ್ರಮಾಣಿತ ಆಕಾಶದಲ್ಲಿ ನೆತ್ತಿ ದಿಗಂತದ ಮೂರು ಪಟ್ಟು ಬೆಳಗುತ್ತದೆ. ನೆಲದ ಮೇಲೆ 8000 ಲಕ್ಸ್ ಬೀಳುತ್ತಿದ್ದರೆ ನೆತ್ತಿ ಸುಮಾರು 3270, ದಿಗಂತ 1090 ಕ್ಯಾಂಡೆಲಾ, ಚದರ ಮೀಟರಿಗೆ. ನಮ್ಮ ಭಾರತೀಯ ಮಾನಕ 2440ರ ವಿನ್ಯಾಸ ಆಕಾಶದ್ದೂ (ಕಟ್ಟಡದ ಹಗಲ ಬೆಳಕಿನ ಲೆಕ್ಕಕ್ಕೆ ಹಿಡಿಯುವ ಮಾದರಿ ಆಕಾಶ) ಅದೇ 8000 ಲಕ್ಸ್. ಆದರೆ ಅದು ತಿಳಿಯಾದ ಆಕಾಶ, ಸೂರ್ಯ ದಿಗಂತದಿಂದ 15 ಡಿಗ್ರಿ ಎತ್ತರದಲ್ಲಿ. ಅಲ್ಲಿ ದಿಗಂತವೇ ನೆತ್ತಿಯ 3.86 ಪಟ್ಟು. ಲಕ್ಸ್ ಒಂದೇ, ಆಕಾಶ ತಿರುವುಮುರುವು. ಕಿಟಕಿಗೆ ಕಾಣುವುದು ದಿಗಂತದ ಕಡೆಯ ತುಂಡು. ತಾರಸಿಯ ಲಕ್ಸ್ ಒಂದನ್ನೇ ನಂಬಿ ಕಿಟಕಿ ಅಳತೆ ಮಾಡಿದರೆ ಮೋಡದ ದಿನ ಕೋಣೆ ಮಂಕಾಗುತ್ತದೆ.

‘ದೀಪ್ತಿ’, ‘ಬೀಳುವ ಬೆಳಕು’ ಎನ್ನಿ.

---

> ದೀಪ್ತಿ

ಮತ್ತೆ ಸಂಸ್ಕೃತಕ್ಕೇ ಕೈಚಾಚುವುದೇಕೆ? ‘ಬೆಳ್’ ಬೇರಿನಿಂದ ಬೆಳಕು, ಬೆಳ್ಳಿ, ಬೆಳ್ದಿಂಗಳು ಎಲ್ಲ ಹುಟ್ಟಿವೆ. ‘ಬೆಳಗು’ ಅದರದೇ ಕುಡಿ. ‘ಬಾನಿನ ಬೆಳಗು’ ಎಂದು ಬರೆಸಿ.

---

ಓದಿದವರು ಮುಂಜಾವು ಎಂದುಕೊಳ್ಳುತ್ತಾರೆ. ಆಗದು.

---

ಲಕ್ಸ್, ಕ್ಯಾಂಡೆಲಾ ಹೇಗೂ ಹಾಗೇ ಬಂದಿವೆ. ಲ್ಯೂಮಿನೆನ್ಸ್, ಇಲ್ಯೂಮಿನೆನ್ಸ್ ಎಂದೇ ಬರೆದರೆ ಎಂಜಿನಿಯರುಗಳಿಗೆ ತೊಂದರೆಯಿಲ್ಲ.

---

ಎರಡಕ್ಕೂ ನಡುವೆ ಇರುವುದು ಒಂದು ‘ಇ’. ಫಲಕದಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಮಾನದ ಹೆಸರು ಎರವಲು ಬರಲಿ; ಕಿಲೋ ಬಂತೆಂದು ‘ತೂಕ’ವನ್ನು ಯಾರೂ ಬಿಡಲಿಲ್ಲ.

ಇನ್ನೊಂದು. ಲಕ್ಸ್ ಸಂವೇದಕಕ್ಕೆ ನೆರಳುಪಟ್ಟಿ ಹಾಕಿದ್ದೀರಾ? ಹಾಕಿದ್ದರೆ ಅದು ಸೂರ್ಯನ ನೇರ ಬೆಳಕನ್ನು ಬಿಟ್ಟು ಅಳೆಯುತ್ತದೆ. ಫಲಕದಲ್ಲಿ ಹಾಗೆಂದು ಇರಬೇಕು. ಪಟ್ಟಿ ತುಸು ಆಕಾಶವನ್ನೂ ಮರೆಮಾಡುವುದರಿಂದ ಅಂಕಿ ಕಡಿಮೆ ಬರುತ್ತದೆ, ತಿದ್ದುಪಡಿ ಗುಣಕ ಹಾಕಬೇಕು. ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರಿದಂತೆ ಕೆಲವು ದಿನಕ್ಕೊಮ್ಮೆ ಪಟ್ಟಿಯನ್ನೂ ಸರಿಸಬೇಕು. ಮರೆತರೆ ಬಿಸಿಲು ನುಗ್ಗಿ ಅಂಕಿ ಹಲವು ಪಟ್ಟು ಏರುತ್ತದೆ.

---

ನೆರಳುಪಟ್ಟಿ ಇದೆ. ಹಾಗಾದರೆ ಹೀಗೆ: ‘ಆಕಾಶದ ದೀಪ್ತಿ, ತುಂಡು ತುಂಡಾಗಿ’. ಎರಡನೆಯದಕ್ಕೆ ‘ಮಟ್ಟಸ ಮೇಲ್ಮೈ ಮೇಲೆ ಬೀಳುವ ಬೆಳಕು, ನೇರ ಬಿಸಿಲು ಬಿಟ್ಟು’.

---

ದೀಪ್ತಿಗೆ ನನ್ನ ಒಪ್ಪಿಗೆಯಿಲ್ಲ. ‘ಕಾಣ್ಬೆಳಕು’, ‘ಬೀಳ್ಬೆಳಕು’ ಎಂದು ಜೋಡಿ ಮಾಡಿದ್ದರೆ ಎರಡೂ ಒಂದೇ ಬೇರಿನವು, ಬೇರೆ ಬೇರೆ ಎಂಬುದೂ ಓದಿದೊಡನೆ ತಿಳಿಯುತ್ತಿತ್ತು.

---

ಜೋಡಿ ಚೆನ್ನಾಗಿದೆ, ಪುಸ್ತಕಕ್ಕೆ ಇಡಿ. ಫಲಕದಲ್ಲಿ ‘ಮೇಲ್ಮೈ ಮೇಲೆ’ ಬೇಡ, ‘ಮೇಲ್ಮೈಗೆ ಬೀಳುವ’ ಎಂದು ತಿದ್ದಿ.